ಕೊಡಗಿನಲ್ಲಿ ಆಟಿಸಂ ಮಕ್ಕಳ ಆರೋಗ್ಯ ಸೇವೆ: ಶಿಬಿರದ ಬ್ಯಾನರ್ ಕಟ್ಟುವ ಮೊದಲು ಮಾಡಬೇಕಾದ ಕೆಲಸಗಳು

ಏಪ್ರಿಲ್ 2 ಬಂತೆಂದರೆ ಆಟಿಸಂ ಜಾಗೃತಿ ದಿನ. (ಆಟಿಸಂ ಎಂದರೆ ಮಗುವಿನ ಮಾತು, ಬೆರೆಯುವಿಕೆ, ನಡವಳಿಕೆಯ ಬೆಳವಣಿಗೆಯಲ್ಲಿ ಕಾಣುವ ವ್ಯತ್ಯಾಸ.) ಒಂದು ಬ್ಯಾನರ್, ಎರಡು ಭಾಷಣ, ಒಂದು ತಪಾಸಣಾ ಶಿಬಿರ. ಕೆಲವು ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಪಟ್ಟಿ ಯಾರದೋ ಬೀರುವಿನಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಮತ್ತೆ ಅದೇ ಶಿಬಿರ, ಅದೇ ಮಕ್ಕಳು.

ತಪ್ಪು ಇರುವುದು ಕ್ರಮದಲ್ಲಿ. ಮಗುವನ್ನು ಗುರುತಿಸುವುದು ಮೊದಲ ಕೆಲಸ ಅಲ್ಲ, ಮೂರನೆಯದು. ಗುರುತಿಸಿದ ಮೇಲೆ ಆ ಮಗು ಎಲ್ಲಿಗೆ ಹೋಗಬೇಕು, ಯಾರ ಜೊತೆ, ಯಾವ ಬಸ್ಸಿನಲ್ಲಿ? ಇದು ಮೊದಲು ತೀರ್ಮಾನವಾಗಬೇಕು. ದಾರಿ ತೋರಿಸದೆ 'ನಿಮ್ಮ ಮಗುವಿಗೆ ಏನೋ ತೊಂದರೆ ಇರಬಹುದು' ಎಂದು ಹೇಳಿ ಬರುವುದು ಸೇವೆಯಲ್ಲ. ಅದಕ್ಕಿಂತ ಸುಮ್ನೆ ಇರುವುದೇ ವಾಸಿ.

ಇದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವವರಿಗೆ ಬರೆದದ್ದು. ಪಂಚಾಯಿತಿ ಸದಸ್ಯರು, ಮಹಿಳಾ ಸಂಘದವರು, ಅಂಗನವಾಡಿ ಟೀಚರ್, ಆಶಾ, ಅಥವಾ ಆಟಿಸಂ ಇರುವ ಮಗುವಿನ ಅಪ್ಪ ಅಮ್ಮ, ಯಾರು ಬೇಕಾದರೂ ಶುರು ಮಾಡಬಹುದು.

ಮೊದಲು ಕೈಯಲ್ಲಿ ಇರಬೇಕಾದವು

ಸಾಮಾನು ಜಾಸ್ತಿ ಬೇಡ. ದಪ್ಪ ರಟ್ಟಿನ ಒಂದು ನೋಟ್‌ಬುಕ್, ಪ್ರತಿ ಮಗುವಿಗೆ ಒಂದು ಪ್ಲಾಸ್ಟಿಕ್ ಫೈಲ್ (ಕೊಡಗಿನ ಮಳೆಯಲ್ಲಿ ಕಾಗದದ ಫೈಲ್ ಉಳಿಯುವುದಿಲ್ಲ), ಕ್ಯಾಮೆರಾ ಇರುವ ಒಂದು ಫೋನ್, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯರ ಒಪ್ಪಿಗೆ. ದಾನಿಗಳು ದುಡ್ಡು ಕೊಡುತ್ತೇವೆಂದರೆ ಅದನ್ನು ಓಡಾಟದ ಖರ್ಚಿಗೆ ಇಟ್ಟುಕೊಳ್ಳಿ. ಆಟಿಕೆ, ಥೆರಪಿ ಚೆಂಡು, ಬಣ್ಣದ ಕೋಣೆ ಎಲ್ಲ ಆಮೇಲೆ ನೋಡಿದರಾಯಿತು.

ಹಂತ 1: ಒಂದೇ ಪಂಚಾಯಿತಿ ಹಿಡಿಯಿರಿ

ಇಡೀ ತಾಲ್ಲೂಕಿಗೆ ಮಾಡುತ್ತೇವೆ ಎಂದು ಹೊರಟವರು ಯಾವ ಊರಿನಲ್ಲೂ ಮುಗಿಸುವುದಿಲ್ಲ. ಒಂದು ಪಂಚಾಯಿತಿ, ಅದರ ಪಿಎಚ್‌ಸಿ, ಅಲ್ಲಿನ ಅಂಗನವಾಡಿಗಳು, ಅಷ್ಟೇ ಸಾಕು.

ಮೂರು ಜನ ಕಡ್ಡಾಯವಾಗಿ ಬೇಕು. ಮನೆ ಮನೆ ಗೊತ್ತಿರುವ ಒಬ್ಬ ಆಶಾ. ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುವವರು. ಮೂರನೆಯವರು ಆಟಿಸಂ ಇರುವ ಮಗುವಿನ ತಾಯಿ ಅಥವಾ ತಂದೆ. ಈ ಮೂರನೆಯವರನ್ನು ಬಿಟ್ಟುಬಿಡುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ತಜ್ಞರು ಹೇಳದ ಎಷ್ಟೋ ವಿಷಯ ಅವರಿಗೆ ಗೊತ್ತಿರುತ್ತದೆ.

ಕಾಲ ನೋಡಿ ಶುರು ಮಾಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಯಾರೂ ಕೈಗೆ ಸಿಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಸಿಗುವ ಮೂರು ತಿಂಗಳೇ ನಿಮ್ಮ ಮುಖ್ಯ ಅವಧಿ.

ಹಂತ 2: ಮಗು ಹೋಗಬೇಕಾದ ದಾರಿಯನ್ನು ಕಾಗದದ ಮೇಲೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಕೆಳಗಿನಿಂದ ಮೇಲಕ್ಕೆ ಹೀಗೆ ಬರೆಯಿರಿ.

ಮೊದಲ ಮೆಟ್ಟಿಲು ಆಶಾ ಮತ್ತು ಅಂಗನವಾಡಿ. ಎರಡನೆಯದು ಪಿಎಚ್‌ಸಿ ಮತ್ತು ಆರ್‌ಬಿಎಸ್‌ಕೆ ತಂಡ. ಆರ್‌ಬಿಎಸ್‌ಕೆ ಎಂದರೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ 2013ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮ. ಇದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಬೆಳವಣಿಗೆಯ ವಿಳಂಬ ನೋಡುವುದೂ ಅವರ ಕೆಲಸವೇ. ನಿಮ್ಮ ಅಂಗನವಾಡಿಗೆ ಮುಂದಿನ ಭೇಟಿ ಯಾವಾಗ ಎಂದು ತಾಲ್ಲೂಕು ಆರೋಗ್ಯ ಅಧಿಕಾರಿಗಳ ಕಚೇರಿಯಲ್ಲಿ ಕೇಳಿ ತಾರೀಖು ಬರೆದುಕೊಳ್ಳಿ.

ಮೂರನೆಯದು ಮಡಿಕೇರಿ. ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ, ಕಿವಿ ಮೂಗು ಗಂಟಲು ವಿಭಾಗ ಮೂರೂ ಇವೆ. ಆರ್‌ಬಿಎಸ್‌ಕೆ ತಂಡ ಕಳಿಸಿದ ಮಕ್ಕಳನ್ನು ಯಾರು ನೋಡುತ್ತಾರೆ, ಯಾವ ದಿನ, ಯಾವ ಕೋಣೆ ಎಂದು ನೀವೇ ಒಮ್ಮೆ ಹೋಗಿ ಕೇಳಿ ಬನ್ನಿ. ನಾಲ್ಕನೆಯದು ಮೈಸೂರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಮಾತು, ಕೇಳುವಿಕೆ, ಆಟಿಸಂ ಮೌಲ್ಯಮಾಪನ ಎಲ್ಲ ಒಂದೇ ಕಡೆ ಆಗುತ್ತದೆ. ಕುಶಾಲನಗರ, ಗೋಣಿಕೊಪ್ಪ ಕಡೆಯವರಿಗೆ ಇದೇ ಅನುಕೂಲ. ತೀರ ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್.

ಪ್ರತಿ ಮೆಟ್ಟಿಲಿನ ಪಕ್ಕ ಮೂರು ವಿಷಯ ಇರಲಿ: ಫೋನ್ ನಂಬರ್, ಒಪಿಡಿ ದಿನ, ಹೋಗುವ ಬಸ್ಸು. ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ತಾಯಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಗುತ್ತದೆ, ಖಾಸಗಿ ಬಸ್ಸಿನಲ್ಲಿ ಇಲ್ಲ. ನಮ್ಮಲ್ಲಿ ಒಳ ಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸೇ. ಆದ್ದರಿಂದ ಎಲ್ಲಿ ಇಳಿದು ಯಾವ ಬಸ್ ಹಿಡಿಯಬೇಕು ಎಂಬುದನ್ನೂ ಬರೆಯಿರಿ.

ಎಚ್ಚರಿಕೆ: ಈ ಹಾಳೆಯಲ್ಲಿ ಒಂದು ಮೆಟ್ಟಿಲು ಖಾಲಿ ಇದ್ದರೂ ಮೂರನೇ ಹಂತಕ್ಕೆ ಹೋಗಬೇಡಿ.

ಹಂತ 3: ಮಕ್ಕಳನ್ನು ಗುರುತಿಸುವುದು

ಆಶಾ ಮತ್ತು ಅಂಗನವಾಡಿ ಟೀಚರ್ ರೋಗ ಹೇಳಬೇಕಾಗಿಲ್ಲ. ಕೆಲವು ಲಕ್ಷಣ ಗಮನಿಸಿದರೆ ಸಾಕು. ಚಿಕ್ಕ ಮಕ್ಕಳಿಗಾಗಿ ಆಶಾ 3, 6, 9, 12, 15 ತಿಂಗಳಿಗೆ ಹೇಗೂ ಮನೆಗೆ ಹೋಗುತ್ತಾರೆ. ಅದೇ ಭೇಟಿಯಲ್ಲಿ, ಅದಕ್ಕಿಂತ ದೊಡ್ಡ ಮಕ್ಕಳಾದರೆ ಅಂಗನವಾಡಿಯಲ್ಲಿ, ಇವನ್ನು ನೋಡಲಿ:

- ವರ್ಷ ತುಂಬಿದರೂ ಹೆಸರು ಕರೆದರೆ ತಿರುಗುವುದಿಲ್ಲ.
- ಒಂದೂವರೆ ವರ್ಷವಾದರೂ ಬೆರಳು ತೋರಿಸಿ ಕೇಳುವುದಿಲ್ಲ, 'ಅಲ್ಲಿ ನೋಡು' ಎಂದು ತೋರಿಸುವುದಿಲ್ಲ.
- 16 ತಿಂಗಳಾದರೂ ಒಂದು ಪದ ಇಲ್ಲ. ಎರಡು ವರ್ಷವಾದರೂ ತಾನಾಗಿ ಎರಡು ಪದ ಕೂಡಿಸುವುದಿಲ್ಲ.
- ಮುಖ ನೋಡಿ ನಗುವುದು, ನೋಡಿದ್ದನ್ನು ಅನುಕರಿಸುವುದು ಕಡಿಮೆ. ವಸ್ತುಗಳನ್ನು ಸಾಲಾಗಿ ಇಡುವುದು, ಚಕ್ರ ತಿರುಗಿಸುವುದು, ಕೈಗಳನ್ನು ರೆಕ್ಕೆಯಂತೆ ಬಡಿಯುವುದು ಜಾಸ್ತಿ.
- ಬರುತ್ತಿದ್ದ ಮಾತು ನಿಂತುಹೋಗಿದೆ.

ಕೊನೆಯದು ಯಾವ ವಯಸ್ಸಿನಲ್ಲಿ ಕಂಡರೂ ಕಾಯಬಾರದು. ಅದೇ ವಾರ ವೈದ್ಯರು ನೋಡಬೇಕು.

ಲಕ್ಷಣ ಕಂಡ 16ರಿಂದ 30 ತಿಂಗಳ ಮಗುವಿಗೆ ಎಂ-ಚಾಟ್-ಆರ್ ಎಂಬ ಪ್ರಶ್ನಾವಳಿ ಇದೆ. ಹೌದು ಅಥವಾ ಇಲ್ಲ ಎನ್ನುವ 20 ಪ್ರಶ್ನೆ. ಇದನ್ನು ಪಿಎಚ್‌ಸಿ ವೈದ್ಯರು ಅಥವಾ ತರಬೇತಿ ಪಡೆದ ನರ್ಸ್ ಕೇಳಲಿ. ಅಂಕ 2ರವರೆಗೆ ಇದ್ದರೆ ಅಪಾಯ ಕಡಿಮೆ. 3ರಿಂದ 7 ಇದ್ದರೆ ಎರಡನೇ ಸುತ್ತಿನ ಪ್ರಶ್ನೆ ಕೇಳಬೇಕು. 8 ಅಥವಾ ಹೆಚ್ಚಿದ್ದರೆ ನೇರ ತಜ್ಞರ ಹತ್ತಿರ. ಇದು ಜರಡಿ ಮಾತ್ರ, ತೀರ್ಪಲ್ಲ. ಅಂಕ ಕಡಿಮೆ ಬಂದರೂ ತಾಯಿಗೆ ಅನುಮಾನ ಇದ್ದರೆ ತಾಯಿಯ ಮಾತನ್ನೇ ಹಿಡಿಯಿರಿ.

ಇಲ್ಲಿ ಕೊಡಗಿನದೇ ಒಂದು ತೊಂದರೆ ಇದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಬ್ಯಾರಿ, ಎರವ ಭಾಷೆ, ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯ ಮಾತು. ಕನ್ನಡದ ಪ್ರಶ್ನೆಗೆ ತಾಯಿ ಸುಮ್ನೆ ತಲೆಯಾಡಿಸಿದರೆ ಅದನ್ನು 'ಹೌದು' ಎಂದು ಬರೆಯಬೇಡಿ. ಆ ಭಾಷೆ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ. ಪ್ರಶ್ನೆಗೆ ಬದಲು ಮಾಡಿ ತೋರಿಸಿ: ಬೆರಳು ತೋರಿಸುವುದು ಹೇಗೆ ಎಂದು ನೀವೇ ತೋರಿಸಿ, 'ಮಗು ಹೀಗೆ ಮಾಡುತ್ತದಾ' ಎಂದು ಕೇಳಿ.

ಲೈನ್ ಮನೆಗೆ ಹೋಗುವ ಮೊದಲು ಎಸ್ಟೇಟ್ ರೈಟರ್ (ತೋಟದ ಕೆಲಸ, ಲೆಕ್ಕ ನೋಡುವವರು) ಹತ್ತಿರ ಮಾತಾಡಿ. ಸಂಬಳದ ದಿನ ಅಥವಾ ಸಂತೆ ದಿನ ಹೋದರೆ ಮನೆಯವರು ಇರುವುದಿಲ್ಲ. ಬುಡಕಟ್ಟು ಜನರ ಹಾಡಿಗಳಿಗೆ ಅಲ್ಲಿಯವರೇ ಆದ ಆಶಾ ಅಥವಾ ಅಂಗನವಾಡಿ ಸಹಾಯಕಿಯ ಜೊತೆಗೇ ಹೋಗಿ. ಐದಾರು ಜನ ಜೀಪಿನಲ್ಲಿ ಇಳಿದರೆ ಮಕ್ಕಳು ಒಳಗೆ ಓಡುತ್ತಾರೆ, ಏನೂ ಕಾಣುವುದಿಲ್ಲ.

ಇನ್ನೊಂದು ಮಾತು. ಮಕ್ಕಳ ಹೆಸರು, ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಲೇಬಾರದು. ಚಿಕ್ಕ ಊರು, ಎಲ್ಲರಿಗೂ ಎಲ್ಲರ ಮನೆ ಗೊತ್ತು. ಒಮ್ಮೆ ಫೋಟೋ ಹೋದರೆ ಆ ಮನೆಯ ಬಾಗಿಲು ನಿಮಗೆ ಮತ್ತೆ ತೆರೆಯುವುದು ಕಷ್ಟ.

ಹಂತ 4: ಮನೆಯವರಿಗೆ ತಿಳಿಸುವುದು

'ನಿಮ್ಮ ಮಗುವಿಗೆ ಆಟಿಸಂ' ಎಂದು ಹೇಳಬೇಡಿ, ಅದು ನಿಮಗೆ ಗೊತ್ತಿಲ್ಲ. 'ಮಾತು ಸ್ವಲ್ಪ ತಡವಾಗಿದೆ, ಒಂದು ಸಲ ಕಿವಿ ಪರೀಕ್ಷೆ ಮಾಡಿಸೋಣ' ಎಂದು ಶುರು ಮಾಡಿ. ಇದು ಸುಳ್ಳೂ ಅಲ್ಲ, ಯಾಕೆಂದರೆ ಮೊದಲು ಆಗಬೇಕಾದದ್ದು ಕಿವಿ ಪರೀಕ್ಷೆಯೇ.

ಅಜ್ಜಿ, 'ಇವನ ಅಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು' ಅನ್ನುತ್ತಾರೆ. ವಾದ ಮಾಡಬೇಡಿ. 'ಹಾಗೇ ಆಗಲಿ ಅಜ್ಜಿ, ಆದರೂ ನೋಡಿಸಿದರೆ ನಷ್ಟ ಇಲ್ಲ ಅಲ್ವಾ' ಅನ್ನಿ. ಹರಕೆ ಹೊತ್ತಿದ್ದರೆ ಹೊರಲಿ, ಅದಕ್ಕೆ ಅಡ್ಡಿ ಹೇಳಬೇಡಿ. ಹರಕೆ ತೀರುವವರೆಗೆ ಆಸ್ಪತ್ರೆ ಬೇಡ ಅಂದರೆ ಮಾತ್ರ ಕುಳಿತು ಮಾತಾಡಬೇಕು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಿ: ತಾಯಿ ಮಾಡಿದ್ದರಿಂದ ಇದು ಬಂದಿಲ್ಲ. ಲಸಿಕೆಯಿಂದಲೂ ಅಲ್ಲ. ಇದನ್ನು ಗಂಡನ ಮನೆಯವರು ಎದುರಿಗೆ ಇರುವಾಗಲೇ ಹೇಳುವುದು ಒಳ್ಳೆಯದು.

ಹಂತ 5: ಮಡಿಕೇರಿ ಅಥವಾ ಮೈಸೂರಿಗೆ ಮೊದಲ ಪ್ರಯಾಣ

ಮೊದಲ ಪ್ರಯಾಣ ಕೆಟ್ಟರೆ ಎರಡನೆಯದು ಆಗುವುದೇ ಇಲ್ಲ. ಆದ್ದರಿಂದ ಜೊತೆಗೆ ಒಬ್ಬರು ಹೋಗಲೇಬೇಕು. ವಿಆರ್‌ಡಬ್ಲ್ಯೂ ಆಗಬಹುದು, ಈಗಾಗಲೇ ಈ ದಾರಿ ನಡೆದ ಇನ್ನೊಬ್ಬ ತಾಯಿ ಆದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಬೇಗ ಹೊರಡಿ. ಮೈಸೂರಿಗೆ ಹೋಗುವುದಾದರೆ ಹಿಂದಿನ ದಿನ ಫೋನ್ ಮಾಡಿ ರಜೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ.

ಫೈಲಿನಲ್ಲಿ ಇರಬೇಕಾದವು: ತಾಯಿ ಕಾರ್ಡ್, ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿ, ಆಧಾರ್, ರೇಷನ್ ಕಾರ್ಡ್, ಪಿಎಚ್‌ಸಿ ವೈದ್ಯರ ಪತ್ರ. ಫೋನಿನಲ್ಲಿ ಮಗು ಮನೆಯಲ್ಲಿ ಆಡುವ, ಊಟ ಮಾಡುವ, ಹಠ ಮಾಡುವ ಮೂರು ಚಿಕ್ಕ ವಿಡಿಯೋ. ಆಸ್ಪತ್ರೆಯಲ್ಲಿ ಮಗು ಬೇರೆ ಥರ ಇರುತ್ತದೆ. ಹತ್ತು ನಿಮಿಷದಲ್ಲಿ ವೈದ್ಯರಿಗೆ ಕಾಣದ್ದು ವಿಡಿಯೋದಲ್ಲಿ ಕಾಣುತ್ತದೆ.

ಚಿಕ್ಕ ಮಗು ಕೇಳುತ್ತದೆಯೇ ಇಲ್ಲವೇ ಎಂದು ತಿಳಿಯಲು ಮಾಡುವ ಬೇರಾ ಪರೀಕ್ಷೆಗೆ ಮಗು ನಿದ್ದೆ ಮಾಡಬೇಕು. ಬಸ್ಸಿನಲ್ಲಿ ಪೂರ್ತಿ ಮಲಗಿಸಿಕೊಂಡು ಹೋದರೆ ಅಲ್ಲಿ ಮಲಗುವುದಿಲ್ಲ, ದಿನ ಹಾಳು. ಘಾಟಿ ದಾರಿಯಲ್ಲಿ ವಾಂತಿ ಆಗುವ ಮಕ್ಕಳಿಗೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ. ಮಗು ತಿನ್ನುವ ತಿಂಡಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ.

ವಾಪಸ್ ಬರುವ ಮೊದಲು ಮೂರು ಪ್ರಶ್ನೆಗೆ ಉತ್ತರ ಬರೆಸಿಕೊಳ್ಳಿ: ಏನು ಕಂಡುಬಂತು, ಮನೆಯಲ್ಲಿ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು.

ಹಂತ 6: ಮನೆಯಲ್ಲೇ ಶುರು ಮಾಡುವುದು

ವಾರಕ್ಕೆ ಎರಡು ಸಲ ಮೈಸೂರಿಗೆ ಥೆರಪಿಗೆ ಹೋಗಿ ಎಂದರೆ ಕೂಲಿ ಮಾಡುವ ಮನೆಗೆ ಆಗದ ಮಾತು. ದಿನದ ಕೆಲಸದಲ್ಲೇ ಕಲಿಸುವುದನ್ನು ತಂದೆ ತಾಯಿ ಕಲಿತರೆ ಅದೇ ದೊಡ್ಡ ಥೆರಪಿ. ವಿಶ್ವ ಆರೋಗ್ಯ ಸಂಸ್ಥೆ 2ರಿಂದ 9 ವರ್ಷದ ಮಕ್ಕಳ ಪೋಷಕರಿಗಾಗಿಯೇ ಒಂದು ತರಬೇತಿ ರೂಪಿಸಿದೆ: ಒಂಬತ್ತು ಗುಂಪು ಭೇಟಿ, ಮೂರು ಮನೆ ಭೇಟಿ. ತಜ್ಞರಲ್ಲದವರೂ ತರಬೇತಿ ಪಡೆದು ನಡೆಸಬಹುದಾದ ಮಾದರಿ ಅದು. ನೀವು ಅದನ್ನೇ ಮಾಡಬೇಕೆಂದಿಲ್ಲ, ಅದರ ಕ್ರಮ ಮಾತ್ರ ಹಿಡಿಯಿರಿ. ನಾಲ್ಕೈದು ಮನೆಯವರು ಎರಡು ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ಸೇರಲಿ. ತಜ್ಞರು ಹೇಳಿಕೊಟ್ಟ ಒಂದೇ ಒಂದು ವಿಷಯವನ್ನು ಆ ಎರಡು ವಾರ ಅಭ್ಯಾಸ ಮಾಡಲಿ. ಅಕ್ಕಿ ರೊಟ್ಟಿ ತಟ್ಟುವಾಗ ಹಿಟ್ಟು ಕೈಯಲ್ಲಿ ಹಿಡಿದು ಕಾಯುವುದು, ಮಗು ಕಣ್ಣೆತ್ತಿ ನೋಡಿದ ಮೇಲೆ 'ರೊಟ್ಟಿ' ಎಂದು ಹೇಳಿ ಕೊಡುವುದು, ಇಷ್ಟೇ.

ಸಾಮಾನ್ಯ ತಪ್ಪು ಎರಡು. ಒಂದು, 'ಮನೆ ಭಾಷೆ ಬಿಟ್ಟು ಇಂಗ್ಲಿಷ್ ಮಾತ್ರ ಮಾತಾಡಿ' ಎಂಬ ಸಲಹೆ. ಎರಡು ಭಾಷೆ ಕೇಳಿಸಿಕೊಂಡರೆ ಆಟಿಸಂ ಹೆಚ್ಚಾಗುವುದಿಲ್ಲ. ಕೊಡವ ತಕ್ಕ್ ಆಡುವ ತಾಯಿ ಬಾರದ ಇಂಗ್ಲಿಷ್‌ನಲ್ಲಿ ಮಾತಾಡಲು ಹೋದರೆ ಮಾತೇ ಕಡಿಮೆಯಾಗುತ್ತದೆ. ಇನ್ನೊಂದು, ಚಿತ್ರ ತೋರಿಸಿ ಕೇಳಲು ಕಲಿಸಿದರೆ ಮಗು ಮಾತು ಕಲಿಯುವುದಿಲ್ಲ ಎಂಬ ಭಯ. ಅದೂ ನಿಜವಲ್ಲ. ಕೇಳಿದ್ದು ಸಿಕ್ಕರೆ ಅಳು ಕಡಿಮೆಯಾಗುತ್ತದೆ, ಮಾತಿಗೂ ಅದು ಅಡ್ಡಿಯಲ್ಲ.

ಹಂತ 7: ಪಿಎಚ್‌ಸಿಯನ್ನು ಸಿದ್ಧ ಮಾಡುವುದು

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯವಾದದ್ದು. ಆಟಿಸಂ ಇರುವ ಮಗುವಿಗೂ ಜ್ವರ ಬರುತ್ತದೆ, ಹಲ್ಲು ಹುಳುಕಾಗುತ್ತದೆ, ಕಿವಿ ಸೋರುತ್ತದೆ. ಆದರೆ ಅದನ್ನು ಆಸ್ಪತ್ರೆಗೆ ಕರೆತರುವುದೇ ಯುದ್ಧ. ಕಿರುಚುತ್ತದೆ, ಓಡುತ್ತದೆ, ಸಾಲಿನಲ್ಲಿದ್ದವರು ತಿರುಗಿ ನೋಡುತ್ತಾರೆ. ಎರಡು ಸಲ ಹಾಗಾದರೆ ಮನೆಯವರು ಬರುವುದನ್ನೇ ಬಿಡುತ್ತಾರೆ. ಲಸಿಕೆ ತಪ್ಪುತ್ತದೆ.

ವೈದ್ಯರು, ಸಿಸ್ಟರ್, ಫಾರ್ಮಸಿಯವರು, ಚೀಟಿ ಬರೆಯುವವರು, ಗ್ರೂಪ್ ಡಿ ಸಿಬ್ಬಂದಿ ಎಲ್ಲರನ್ನೂ ಒಂದು ಗಂಟೆ ಕೂರಿಸಿ. ಮಾತಾಡಬೇಕಾದವರು ಆ ಮಗುವಿನ ತಾಯಿ. ಆಮೇಲೆ ಈ ಬದಲಾವಣೆಗಳನ್ನು ಒಪ್ಪಿಸಿ, ಯಾವುದಕ್ಕೂ ದುಡ್ಡು ಬೇಡ:

- ಮಗುವಿಗೆ ಸಾಲಿಲ್ಲ. ಹೊರಗೆ ಆಟೋದಲ್ಲೋ ಮರದ ಕೆಳಗೋ ಇರಲಿ, ಫೋನ್ ಮಾಡಿದಾಗ ಒಳಗೆ ಬರಲಿ.
- ಲಸಿಕೆ ದಿನದ ಗದ್ದಲದಲ್ಲಿ ಕರೆಯಬೇಡಿ, ಒಪಿಡಿ ಮುಗಿಯುವ ಹೊತ್ತಿಗೆ ಸಮಯ ಕೊಡಿ.
- ಮೊದಲ ಭೇಟಿ ಸುಮ್ನೆ ಹೋಗಿ ಬರುವುದಕ್ಕೆ. ಸೂಜಿ ಇಲ್ಲ, ಔಷಧಿ ಇಲ್ಲ. ಮಗು ಸ್ಟೆತಾಸ್ಕೋಪ್ ಕೈಯಲ್ಲಿ ಹಿಡಿದು ನೋಡಲಿ.
- ಮುಟ್ಟುವ ಮೊದಲು ಹೇಳಿ, ತೋರಿಸಿ, ಆಮೇಲೆ ಮುಟ್ಟಿ. ಒಂದು ಸಲಕ್ಕೆ ಒಬ್ಬರೇ ಮಾತಾಡಿ. ನಾಲ್ಕು ಜನ ಹಿಡಿದುಕೊಂಡು ಇಂಜೆಕ್ಷನ್ ಕೊಟ್ಟರೆ ಅವತ್ತಿನ ಕೆಲಸ ಮುಗಿಯುತ್ತದೆ, ಮುಂದಿನ ಐದು ವರ್ಷ ಹಾಳಾಗುತ್ತದೆ.

ಮನೆಯವರ ಫೋನಿನಲ್ಲಿ ನಾಲ್ಕು ಫೋಟೋ ಇರಲಿ: ಪಿಎಚ್‌ಸಿಯ ಗೇಟು, ಕೂರುವ ಬೆಂಚು, ಡಾಕ್ಟರ್, ಮತ್ತೆ ಮನೆ. ಹಿಂದಿನ ದಿನ ರಾತ್ರಿ ಇದೇ ಕ್ರಮದಲ್ಲಿ ತೋರಿಸಬೇಕು. ಕೊನೆಯಲ್ಲಿ ಮನೆಯ ಫೋಟೋ ತಪ್ಪಬಾರದು. ವಾಪಸ್ ಬರುತ್ತೇವೆ ಎಂಬುದು ಮಗುವಿಗೆ ಗೊತ್ತಾಗಬೇಕಲ್ಲ.

ಫೈಲಿನ ಮೊದಲ ಪುಟದಲ್ಲಿ ಒಂದು ಹಾಳೆ ಅಂಟಿಸಿ: ಮಗು ಹೇಗೆ 'ಬೇಕು', 'ಬೇಡ', 'ನೋವು' ಅನ್ನುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಏನು ಕೊಟ್ಟರೆ ಸಮಾಧಾನ, ಯಾವ ಔಷಧಿ ಆಗುವುದಿಲ್ಲ, ಫಿಟ್ಸ್ ಬಂದಿತ್ತೇ. ರಾತ್ರಿ 108 ಬಂದಾಗ ಜೊತೆಗೆ ಹೋಗುವವರು ತಾಯಿಯೇ ಆಗಿರಬೇಕೆಂದಿಲ್ಲ, ಆಗ ಈ ಹಾಳೆಯೇ ಮಾತಾಡುತ್ತದೆ.

ವೈದ್ಯರಿಗೆ ನೆನಪಿಸಬೇಕಾದದ್ದು ಒಂದಿದೆ. ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಂಡರೆ, ಕಚ್ಚಿದರೆ, ನಿದ್ದೆ ಬಿಟ್ಟರೆ 'ಆಟಿಸಂ ಅಲ್ವಾ, ಹಾಗೇ' ಎಂದು ಕಳಿಸಬಾರದು. ಕಿವಿ, ಹಲ್ಲು, ಗಂಟಲು, ಮಲಬದ್ಧತೆ ಮೊದಲು ನೋಡಬೇಕು. ಎಷ್ಟೋ ಸಲ ಒಳಗೆ ಎಲ್ಲೋ ನೋವಿರುತ್ತದೆ. ಎರಡೇ ಬಗೆಯ ಊಟ ತಿನ್ನುವ ಮಗುವಿಗೆ ರಕ್ತಹೀನತೆ ಇದೆಯೇ ನೋಡಬೇಕು. ಮಣ್ಣು, ಸುಣ್ಣ, ಬಣ್ಣ ತಿನ್ನುತ್ತಿದ್ದರೂ ಅಷ್ಟೇ.

ತಕ್ಷಣ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು: ಫಿಟ್ಸ್, ಒಂದು ದಿನ ಪೂರ್ತಿ ನೀರೂ ಕುಡಿಯದಿರುವುದು, ಜ್ವರದ ಜೊತೆ ಮಂಕಾಗುವುದು, ನಿಲ್ಲದ ತಲೆ ಚಚ್ಚುವಿಕೆ.

ಹಂತ 8: ಕಾಗದ ಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ವಿಕಲಚೇತನರ ಪ್ರಮಾಣಪತ್ರಕ್ಕೆ ಐಎಸ್ಎಎ ಎಂಬ 40 ಅಂಶಗಳ ಭಾರತೀಯ ಮಾಪನ ಬಳಸುತ್ತಾರೆ. ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬೇಕು, ಶುಲ್ಕ ಇಲ್ಲ. ವಿಆರ್‌ಡಬ್ಲ್ಯೂ ಮಾಡಿಕೊಡಬೇಕಾದ ಕೆಲಸ ಇದು. ಚಿಕ್ಕ ಮಕ್ಕಳ ಪ್ರಮಾಣಪತ್ರಕ್ಕೆ ಅವಧಿ ಇದ್ದರೆ ಆ ತಾರೀಖನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಅದು ಕೈಗೆ ಬಂದ ಮೇಲೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಸೇರಿದೆ. ಖರ್ಚು ಮಾಡಿ ಬಿಲ್ ಕೊಟ್ಟರೆ ಹಣ ಬರುತ್ತದೆ, ಹಾಗಾಗಿ ಒಂದು ಚೀಟಿಯನ್ನೂ ಬಿಸಾಡಬೇಡಿ. ಗ್ರಾಮ ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ. 5 ವಿಕಲಚೇತನರಿಗೆ ಮೀಸಲು. ಪ್ರಯಾಣದ ಖರ್ಚಿಗೆ, ಪರೀಕ್ಷೆಯ ಖರ್ಚಿಗೆ ಸಹಾಯ ಬೇಕೆಂದು ಗ್ರಾಮ ಸಭೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಬಿಡಬೇಡಿ.

ಶಾಲೆಗೆ ಸೇರಿಸುವ ವಯಸ್ಸಾದರೆ ಬಿಆರ್‌ಸಿಯ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಿ. ವಿಶೇಷ ಶಾಲೆಯೇ ಬೇಕಾದರೆ ಸುಂಟಿಕೊಪ್ಪದಲ್ಲಿ ಕೂರ್ಗ್ ಫೌಂಡೇಶನ್ನಿನ ಸ್ವಸ್ಥ ಕೇಂದ್ರ ಇದೆ.

ಹಂತ 9: ಮಳೆ, ಸದ್ದು, ಕೆರೆ

ಮೇ ಕೊನೆಯೊಳಗೆ ಪ್ರತಿ ಮನೆಗೂ ಒಮ್ಮೆ ಹೋಗಿ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಎರಡು ತಿಂಗಳ ಔಷಧಿ ಮನೆಯಲ್ಲಿ ಇರಬೇಕು. ದಾರಿ ಕುಸಿದಾಗ ಮಾತ್ರೆ ತಪ್ಪಿದರೆ ಫಿಟ್ಸ್ ಮತ್ತೆ ಬರಬಹುದು. ಶೀಟ್ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಕೆಲವು ಮಕ್ಕಳಿಗೆ ಸಹಿಸಲು ಆಗುವುದಿಲ್ಲ. ಕಿವಿ ಮುಚ್ಚುವ ದಪ್ಪ ಟೋಪಿ, ಕಂಬಳಿ, ಮನೆಯ ಒಳಕೋಣೆಯಲ್ಲಿ ಒಂದು ಮೂಲೆ ಅದಕ್ಕಾಗಿ ಇರಲಿ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಲ್ಲಿ ತೋಕಿನ (ಕೋವಿಯ) ಸದ್ದು ಬರುವ ಹೊತ್ತನ್ನು ಮೊದಲೇ ಕೇಳಿ ಇಟ್ಟುಕೊಂಡರೆ ಆ ಹೊತ್ತಿಗೆ ಮಗುವನ್ನು ದೂರ ಇರಿಸಬಹುದು.

ಇದಕ್ಕಿಂತ ದೊಡ್ಡ ಅಪಾಯ ಮಗು ತಪ್ಪಿಸಿಕೊಂಡು ಹೋಗುವುದು. ಈ ಮಕ್ಕಳಲ್ಲಿ ಹಲವರಿಗೆ ನೀರೆಂದರೆ ಸೆಳೆತ. ತೋಟದ ಕೆರೆ, ಕಾಫಿ ಪಲ್ಪಿಂಗ್ ನೀರಿನ ಗುಂಡಿ, ಹೊಳೆ ಎಲ್ಲ ಮನೆಯ ಹತ್ತಿರವೇ. ಆನೆ ಓಡಾಡುವ ಕಡೆ ಸಂಜೆಯಾದ ಮೇಲೆ ಹುಡುಕುವುದೂ ಕಷ್ಟ. ಬಾಗಿಲಿಗೆ ಮೇಲ್ಗಡೆ ಚಿಲಕ, ಗೇಟಿಗೆ ಗಂಟೆ, ಅಂಗಿಯ ಒಳಗೆ ಫೋನ್ ನಂಬರ್ ಹೊಲಿದ ಪಟ್ಟಿ. ಮಗು ಕಾಣದಿದ್ದರೆ ಮೊದಲು ರಸ್ತೆಗೆ ಓಡಬೇಡಿ, ಕೆರೆಗೆ ಓಡಿ. ಒಬ್ಬರು 112ಕ್ಕೆ ಫೋನ್ ಮಾಡಲಿ. ಇದನ್ನು ಅಕ್ಕಪಕ್ಕದ ಮನೆಯವರಿಗೂ, ರೈಟರ್‌ಗೂ ಹೇಳಿ ಇಡಿ.

ಹಂತ 10: ನೋಟ್‌ಬುಕ್ ಮುಚ್ಚದಿರುವುದು

ತಿಂಗಳಿಗೊಮ್ಮೆ ಮೂವರೂ ಕುಳಿತು ಪ್ರತಿ ಮಗುವಿನ ಮುಂದೆ ಒಂದು ಸಾಲು ಬರೆಯಬೇಕು: ಹಿಂದಿನ ಭೇಟಿ, ಮುಂದಿನ ಭೇಟಿ, ಈಗ ಎಲ್ಲಿ ಸಿಕ್ಕಿಕೊಂಡಿದೆ. ಮುಂದಿನ ಭೇಟಿಯ ಕಾಲಂ ಎರಡು ತಿಂಗಳು ಖಾಲಿ ಇದ್ದರೆ ಮನೆಗೆ ಹೋಗಿ ನೋಡಿ. ಕಾರಣ ಹೆಚ್ಚಾಗಿ ಚಿಕ್ಕದೇ ಇರುತ್ತದೆ, ಬಸ್ ಚಾರ್ಜು ಅಥವಾ ಕೂಲಿ ತಪ್ಪುತ್ತದೆ ಅನ್ನುವುದು. ಕೆಲಸ ಬಿಟ್ಟು ಬೇರೆ ಎಸ್ಟೇಟಿಗೋ ಊರಿಗೋ ಹೋಗುವ ಕುಟುಂಬಕ್ಕೆ ಫೈಲನ್ನು ಅವರ ಕೈಗೇ ಕೊಡಿ, ಎಲ್ಲ ಪುಟದ ಫೋಟೋ ಅವರ ಫೋನಿನಲ್ಲಿ ಇರಲಿ.

ಈ ಹಂತದಲ್ಲೇ 'ಆಟಿಸಂ ಪೂರ್ತಿ ಗುಣ ಮಾಡುತ್ತೇವೆ' ಅನ್ನುವವರು ಮನೆಗೆ ಬರುವುದು. ಸ್ಟೆಮ್ ಸೆಲ್, ಮೈಯಿಂದ ಲೋಹ ತೆಗೆಯುವ ಡ್ರಿಪ್, ಬ್ಲೀಚ್ ಬೆರೆಸಿದ ದ್ರವ ಇತ್ಯಾದಿ. ಸ್ಟೆಮ್ ಸೆಲ್ ಚಿಕಿತ್ಸೆ ಆಟಿಸಂಗೆ ಶಿಫಾರಸು ಮಾಡುವಂಥದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ತೋಟ ಅಡವಿಟ್ಟು ಇದಕ್ಕೆ ದುಡ್ಡು ಹಾಕುವ ಮೊದಲು ಮಡಿಕೇರಿಯ ವೈದ್ಯರನ್ನು ಕೇಳಿ ಎಂದು ಪೋಷಕರ ಸಭೆಯಲ್ಲಿ ಪ್ರತಿ ಸಲ ಹೇಳಿ. ತಾಯಿಗೆ ತಡೆಯಲಾರದಷ್ಟು ದುಃಖ, ನಿದ್ದೆ ಇಲ್ಲದಿರುವುದು ಕಂಡರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಪಕ್ಕದ ಪಂಚಾಯಿತಿಯವರು ನಮ್ಮಲ್ಲೂ ಮಾಡಿ ಎಂದು ಕರೆದರೆ ಮೊದಲು ನಿಮ್ಮ ನೋಟ್‌ಬುಕ್ ತೆರೆದು ನೋಡಿ. ಎಲ್ಲ ಮಕ್ಕಳ ಮುಂದಿನ ಭೇಟಿಯ ತಾರೀಖು ಬರೆದಿದೆ ಎಂದಾದರೆ ಅಲ್ಲಿಗೆ ಹೋಗಿ, ಎರಡನೇ ಹಂತದ ಖಾಲಿ ಹಾಳೆಯಿಂದಲೇ ಶುರು ಮಾಡಿ.